ದಮ್ಮಿನ ಚರಿತ್ರೆ: ಚಿಲುಮೆಯಿಂದ ಪಂಪಿನವರೆಗೆ

ನಮ್ಮ ಕಡೆ ಅಸ್ತಮಾಕ್ಕೆ ಯಾರೂ ಅಸ್ತಮಾ ಅನ್ನುವುದಿಲ್ಲ. ‘ಆಕಿಗೆ ದಮ್ಮ ಐತಿ’ ಎಂದರೆ ಕೇಳಿದವರಿಗೆ ಎಲ್ಲ ತಿಳಿಯುತ್ತದೆ. ಕನ್ನಡಕ್ಕೆ ತನ್ನದೇ ಆದ ಉಬ್ಬಸ, ಗೂರಲು, ತೇಕು ಎಂಬ ಪದಗಳಿದ್ದರೂ ವಿಜಯಪುರ ಸೀಮೆಯ ಬಾಯಲ್ಲಿ ನಿಂತದ್ದು ಪಾರಸಿಯಿಂದ ಬಂದ ದಮ್ಮು. ಮೂಲದಲ್ಲಿ ಅದಕ್ಕೆ ಉಸಿರು ಎಂದಷ್ಟೇ ಅರ್ಥ. ಈಗ ನಮ್ಮಲ್ಲಿ ಬೀಡಿ ಎಳೆಯುವುದೂ ದಮ್ಮೇ, ಎದೆಗಾರಿಕೆಯೂ ದಮ್ಮೇ, ಉಸಿರು ಸಿಗದಿರುವ ರೋಗವೂ ದಮ್ಮೇ. ಇರುವುದಕ್ಕೂ ಇಲ್ಲದಿರುವುದಕ್ಕೂ ಒಂದೇ ಹೆಸರು.

ದಖನ್ನಿನ ವೈದ್ಯದ ಚರಿತ್ರೆಯನ್ನು ಓದುತ್ತಿರುವ ನನಗೆ ಈ ಪದದ ಹಿಂದೆ ಹೋಗಬೇಕೆನಿಸಿದ್ದಕ್ಕೆ ಕಾರಣ ಗ್ರಂಥಾಲಯವಲ್ಲ, ಕಳ್ಳಕವಟಗಿ. ವಿಜಯಪುರದಿಂದ ಪಶ್ಚಿಮಕ್ಕೆ, ಮಹಾರಾಷ್ಟ್ರದ ಜತ್ತ ಸೀಮೆಯ ಮಗ್ಗುಲಲ್ಲಿರುವ ತಿಕೋಟಾ ತಾಲೂಕಿನ ಊರದು. ಅಲ್ಲಿ ದಮ್ಮಿನವರ ಮನೆಗಳಲ್ಲಿ ಔಷಧ ಇಲ್ಲದಿಲ್ಲ. ಮಾಡದಲ್ಲಿ, ಟ್ರಂಕಿನಲ್ಲಿ, ಬಾಗಿಲ ಹಿಂದಿನ ಕ್ಯಾರಿಬ್ಯಾಗಿನಲ್ಲಿ ಇನ್‌ಹೇಲರ್ ಇರುತ್ತದೆ. ಇದ್ದೂ ಬಳಕೆಯಾಗುವುದಿಲ್ಲ. ಜಾಗತಿಕ ರೋಗಭಾರದ 2019ರ ಅಂದಾಜಿನ ಪ್ರಕಾರ ಭಾರತದಲ್ಲಿ ಸುಮಾರು 3.4 ಕೋಟಿ ಅಸ್ತಮಾ ರೋಗಿಗಳಿದ್ದಾರೆ. ಇದು ಜಗತ್ತಿನ ಒಟ್ಟು ರೋಗಿಗಳ ಶೇಕಡಾ 13ರಷ್ಟು. ಆದರೆ ಅಸ್ತಮಾದಿಂದ ಸಾಯುವವರಲ್ಲಿ ನಮ್ಮ ಪಾಲು ಶೇಕಡಾ 40ಕ್ಕೂ ಹೆಚ್ಚು. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಬಳಕೆಯಾಗದೆ ಉಳಿದ ಪಂಪುಗಳೂ ಸೇರಿವೆ. ‘ಜನರ ಅಜ್ಞಾನ’ ಎಂದು ಒಂದೇ ಮಾತಿನಲ್ಲಿ ಇದನ್ನು ಮುಗಿಸುವ ವೈದ್ಯರನ್ನು ನಾನು ಬಹಳ ಕಂಡಿದ್ದೇನೆ. ಚರಿತ್ರೆ ಓದಿದವರಿಗೆ ಆ ಉತ್ತರ ಸಾಲುವುದಿಲ್ಲ.

ಮೊದಲು ವಿಜಯಪುರದ್ದೇ ಒಂದು ಕಥೆ. 1604ರ ಸುಮಾರಿಗೆ ಅಕ್ಬರನ ರಾಯಭಾರಿ ಅಸದ್ ಬೇಗ್ ಇಲ್ಲಿಗೆ ಬಂದಿದ್ದ. ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನ ಮಗಳಿಗೂ ಅಕ್ಬರನ ಮಗ ದಾನಿಯಾಲನಿಗೂ ಗೊತ್ತಾಗಿದ್ದ ಮದುವೆಯ ಕೆಲಸದ ಮೇಲೆ ಬಂದವನು ಅವನು. ಇಲ್ಲಿ ಆತ ತಾನು ಹಿಂದೆಂದೂ ಕಾಣದ ಒಂದು ಎಲೆಯನ್ನು ಕಂಡ. ಅದು ತಂಬಾಕು. ಆಗ್ರಾಕ್ಕೆ ಮರಳುವಾಗ ಅದನ್ನು ಕಟ್ಟಿಕೊಂಡು ಹೋಗಿ, ರತ್ನ ಕೂರಿಸಿದ ಚಿಲುಮೆಯೊಂದನ್ನು ಸಿದ್ಧಪಡಿಸಿ ಬಾದಶಾಹನ ಮುಂದಿಟ್ಟ. ಅಕ್ಬರ್ ಒಂದೆರಡು ಸಲ ಎಳೆದೂ ನೋಡಿದ. ಆಸ್ಥಾನದ ಹಕೀಮರು ತಡೆದರು: ನಮ್ಮ ಗ್ರಂಥಗಳಲ್ಲಿ ಇದರ ಬಗ್ಗೆ ಏನೂ ಇಲ್ಲ, ಪರೀಕ್ಷಿಸದ ವಸ್ತು, ದೊರೆ ಇದನ್ನು ಸೇವಿಸುವುದು ಸಲ್ಲ. ಅಸದ್ ಬೇಗ್ ವಾದಕ್ಕೆ ನಿಂತ. ಅಕ್ಬರ್ ಅದನ್ನು ರೂಢಿ ಮಾಡಿಕೊಳ್ಳಲಿಲ್ಲ, ಆದರೆ ಅಮೀರರು ಮಾಡಿಕೊಂಡರು, ವ್ಯಾಪಾರಿಗಳು ತರಿಸತೊಡಗಿದರು. ಈ ಪ್ರಸಂಗವನ್ನು ಬರೆದಿಟ್ಟವನು ಅಸದ್ ಬೇಗನೇ.

ಅದೇ ಆಸ್ಥಾನದಲ್ಲಿ ಫಿರಿಸ್ತಾ ಇದ್ದ. ಇತಿಹಾಸಕಾರನೆಂದೇ ನಾವು ಅವನನ್ನು ಓದುತ್ತೇವೆ. ಆದರೆ ಆತ ಭಾರತೀಯ ವೈದ್ಯವನ್ನು ಪಾರಸಿ ಬಲ್ಲವರಿಗೆ ತಿಳಿಸುವ ‘ದಸ್ತೂರ್-ಉಲ್-ಅತಿಬ್ಬಾ’ ಎಂಬ ಗ್ರಂಥವನ್ನೂ ಬರೆದಿದ್ದಾನೆ. ಆ ಮದುವೆಯ ದಿಬ್ಬಣದ ಜೊತೆ ಹೋದವರಲ್ಲಿ ಅವನೂ ಒಬ್ಬ. ಎದೆಗೆ ಹೊಗೆ ಎಳೆದುಕೊಳ್ಳುವ ಹೊಸ ಚಟವೊಂದು, ಹಳೆಯ ಔಷಧಗಳನ್ನು ಹೊಸ ಭಾಷೆಗೆ ದಾಟಿಸಿದ ವೈದ್ಯನೊಬ್ಬ, ಇಬ್ಬರೂ ಒಂದೇ ಕಾಲದಲ್ಲಿ ಒಂದೇ ಊರಿನಲ್ಲಿದ್ದರು. ಗೋಳಗುಮ್ಮಟ ನೋಡಲು ಬರುವವರಿಗೆ ಗೈಡುಗಳು ಇದನ್ನು ಹೇಳುವುದಿಲ್ಲ!

ಹೊಗೆಯೆಂದರೆ ಆಗಿನವರಿಗೆ ರೋಗದ ಕಾರಣ ಮಾತ್ರವಾಗಿರಲಿಲ್ಲ. ಚರಕಸಂಹಿತೆ ಐದು ಬಗೆಯ ಶ್ವಾಸರೋಗಗಳನ್ನು ಹೇಳುತ್ತದೆ. ಅವುಗಳಲ್ಲಿ ತಮಕಶ್ವಾಸದ ವರ್ಣನೆ ನಾವು ಇಂದು ಅಸ್ತಮಾ ಎನ್ನುವುದಕ್ಕೆ ಬಲು ಹತ್ತಿರ: ಮಲಗಿದರೆ ಹೆಚ್ಚುತ್ತದೆ, ಎದ್ದು ಕೂತರೆ ಕೊಂಚ ಹಗುರ, ಮೋಡ ಕವಿದಾಗ ಕೆರಳುತ್ತದೆ. ಅದಕ್ಕೆ ಹೇಳಿದ ಚಿಕಿತ್ಸೆಗಳಲ್ಲಿ ಅರಿಶಿನ, ಔಡಲದ ಬೇರು, ದೇವದಾರು ಮುಂತಾದುವನ್ನು ಅರೆದು ಬತ್ತಿ ಮಾಡಿ ಹೊಗೆ ಸೇದುವುದೂ ಒಂದು. ಔಷಧವನ್ನು ಹೊಟ್ಟೆಗೆ ಕಳಿಸದೆ ನೇರ ಎದೆಗೇ ಕಳಿಸುವ ಉಪಾಯ ಹಳೆಯದು.

ಇಷ್ಟೇ ಆಗಿದ್ದರೆ ಇದು ‘ಎಲ್ಲವೂ ನಮ್ಮಲ್ಲೇ ಇತ್ತು’ ಎನ್ನುವ ಹಳೆಯ ರಾಗವಾಗುತ್ತಿತ್ತು. ನನಗೆ ಚರಕನಲ್ಲಿ ಹೆಚ್ಚು ಮುಖ್ಯವೆನಿಸಿದ್ದು ಬೇರೆ ಒಂದು ಕಡೆ. ಚಿಕಿತ್ಸೆಗೆ ನಾಲ್ಕು ಪಾದಗಳು: ವೈದ್ಯ, ಔಷಧ, ಉಪಚಾರಕ, ರೋಗಿ. ರೋಗಿಗೂ ನಾಲ್ಕು ಗುಣಗಳಿರಬೇಕು. ನೆನಪು, ಹೇಳಿದಂತೆ ನಡೆಯುವಿಕೆ, ಅಳುಕದಿರುವುದು, ತನ್ನ ನೋವನ್ನು ವೈದ್ಯನಿಗೆ ತಿಳಿಸಬಲ್ಲ ಶಕ್ತಿ. ಇಂದಿನ ಆಸ್ಪತ್ರೆಗಳು ರೋಗಿಯನ್ನು ದೂರುವಾಗ ಎರಡನೆಯದನ್ನು ಮಾತ್ರ ಎತ್ತಿಕೊಳ್ಳುತ್ತವೆ. ಅಳುಕು ಎಲ್ಲಿಂದ ಬಂತು, ಹೇಳಿಕೊಳ್ಳಲು ಬಿಡುವು ಯಾರು ಕೊಟ್ಟರು ಎಂದು ಯಾರೂ ಕೇಳುವುದಿಲ್ಲ. ಕನ್ನಡದ ಹಳೆಯ ವೈದ್ಯಗ್ರಂಥಗಳಲ್ಲೊಂದಾದ 12ನೆಯ ಶತಮಾನದ ‘ಕರ್ಣಾಟಕ ಕಲ್ಯಾಣಕಾರಕ’ದಲ್ಲಿ ಜಗದ್ದಳ ಸೋಮನಾಥ ಮದ್ಯ, ಮಾಂಸ, ಜೇನನ್ನು ಬಿಟ್ಟು ಔಷಧ ಹೇಳುತ್ತಾನೆ, ಅವನ ಜೈನ ಓದುಗರು ಅವನ್ನು ಮುಟ್ಟುವವರಲ್ಲ ಎಂಬ ಕಾರಣಕ್ಕೆ. ಬದುಕಿಗೆ ಹೊಂದದ ಔಷಧ ಬಾಯಿಗೆ ಹೋಗುವುದಿಲ್ಲವೆಂದು ಅವನಿಗೆ ತಿಳಿದಿತ್ತು.

ನಮ್ಮ ತಿಪ್ಪೆಗಳ ಅಂಚಿಗೆ ಬೆಳೆಯುವ ಮದಗುಣಕಿ, ಅಂದರೆ ದತ್ತೂರ, ಈ ಕಥೆಯಲ್ಲಿ ಹಡಗು ಹತ್ತಿತು. ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ವೈದ್ಯನಾಗಿದ್ದ ಜೇಮ್ಸ್ ಆಂಡರ್ಸನ್ ಉಬ್ಬಸಕ್ಕೆ ದತ್ತೂರದ ಹೊಗೆ ಸೇದಿಸುತ್ತಿದ್ದ. ಅವನಿಂದ ಕಲಿತ ಜನರಲ್ ಜೆಂಟ್ ಎಂಬ ಸೇನಾಧಿಕಾರಿ 1802ರಲ್ಲಿ ಅದನ್ನು ಬ್ರಿಟನ್ನಿಗೆ ಒಯ್ದ. ಮುಂದಿನ ನೂರು ವರ್ಷ ಯುರೋಪಿನಲ್ಲಿ ಅಸ್ತಮಾ ಸಿಗರೇಟುಗಳು ಅಂಗಡಿಯ ಸರಕಾದವು. ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ ಮುಚ್ಚಿದ ಕೋಣೆಯಲ್ಲಿ ಇಂಥ ಹೊಗೆ ಕುಡಿಯುತ್ತ ಬರೆದವನು. ದತ್ತೂರದಲ್ಲಿರುವ ಆಟ್ರೊಪಿನ್ ಶ್ವಾಸನಾಳದ ಸ್ನಾಯುಗಳನ್ನು ಸಡಿಲಿಸುವುದು ನಿಜ. ಜೊತೆಗೆ ಬಾಯಿ ಒಣಗಿಸುತ್ತದೆ, ಹೆಚ್ಚಾದರೆ ಚಿತ್ತಭ್ರಮೆ ತರುತ್ತದೆ, ಕೊಲ್ಲಲೂಬಹುದು. ಇಂದು ನೆಬ್ಯುಲೈಸರಿನಲ್ಲಿ ಹಾಕುವ ಇಪ್ರಾಟ್ರೋಪಿಯಂ ಈ ಆಟ್ರೊಪಿನ್ನನ್ನೇ ಪಳಗಿಸಿ ಮಾಡಿದ್ದು. ತಾಲೂಕು ಆಸ್ಪತ್ರೆಯಲ್ಲಿ ಮಾಸ್ಕು ಕಟ್ಟಿಕೊಂಡು ಕೂತ ಮುದುಕ ಎಳೆಯುತ್ತಿರುವುದು ಒಂದರ್ಥದಲ್ಲಿ ಅವನ ಹಿತ್ತಲಿನ ಗಿಡದ ಮರಿಮಗನನ್ನು.

ಈಗಿನ ಪಂಪು ಹುಟ್ಟಿದ್ದು ಒಬ್ಬ ಹುಡುಗಿಯ ಪ್ರಶ್ನೆಯಿಂದ. ಅಮೆರಿಕದ ರೈಕರ್ ಲ್ಯಾಬೊರೇಟರೀಸ್ ಎಂಬ ಕಂಪನಿಯ ಅಧ್ಯಕ್ಷ ಜಾರ್ಜ್ ಮೇಸನ್‌ನ 13 ವರ್ಷದ ಮಗಳಿಗೆ ಅಸ್ತಮಾ ಇತ್ತು. ಗಾಜಿನ ಬುರುಡೆಯನ್ನು ಹಿಸುಕಿ ಔಷಧ ಎಳೆಯಬೇಕಿದ್ದ ಕಾಲ. ಕೂದಲಿಗೆ ಹೊಡೆಯುವ ಸ್ಪ್ರೇ ಥರ ನನ್ನ ಔಷಧ ಯಾಕೆ ಬರಬಾರದು ಎಂದು 1955ರಲ್ಲಿ ಆಕೆ ಅಪ್ಪನನ್ನು ಕೇಳಿದಳು. 1956ರಲ್ಲಿ ಮೊದಲ ಒತ್ತಡದ ಇನ್‌ಹೇಲರ್ ಮಾರುಕಟ್ಟೆಗೆ ಬಂತು.

ಇಲ್ಲಿ ಕೊಂಚ ನಿಲ್ಲಬೇಕು. ‘ಪಂಪ ಹೊಡಕೊಂಡ್ರ ಹಾರ್ಟ್ ಹೋಗ್ತೈತಿ’ ಎಂಬ ಮಾತನ್ನು ನಮ್ಮ ಹಳ್ಳಿಗಳಲ್ಲಿ ಕೇಳಿದ ಡಾಕ್ಟರರು ನಗುತ್ತಾರೆ. ನಗುವ ಮೊದಲು 1960ರ ದಶಕವನ್ನು ನೋಡಬೇಕು. ಆಗಿನ ಇನ್‌ಹೇಲರುಗಳಲ್ಲಿ ಇದ್ದದ್ದು ಐಸೊಪ್ರಿನಲಿನ್. ಉಸಿರನ್ನು ಥಟ್ಟನೆ ಬಿಡಿಸುತ್ತಿತ್ತು, ಹೃದಯವನ್ನೂ ಓಡಿಸುತ್ತಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಸ್ತಮಾ ಸಾವುಗಳು ಇದ್ದಕ್ಕಿದ್ದಂತೆ ಏರಿದವು. ಹದಿಹರೆಯದವರು ಖಾಲಿ ಇನ್‌ಹೇಲರನ್ನು ಕೈಯಲ್ಲಿ ಹಿಡಿದೇ ಸತ್ತರು. ಹೆಚ್ಚು ಸಾಂದ್ರತೆಯ ಐಸೊಪ್ರಿನಲಿನ್ ಮಾರಾಟವಿದ್ದ ದೇಶಗಳಲ್ಲಿ ಇದು ಎದ್ದು ಕಂಡಿತು. ಎಚ್ಚರಿಕೆ ಹೊರಬಿದ್ದು ಬಳಕೆ ತಗ್ಗಿದ ಮೇಲೆ ಸಾವೂ ತಗ್ಗಿತು. 1970ರ ದಶಕದ ಕೊನೆಗೆ ನ್ಯೂಜಿಲೆಂಡಿನಲ್ಲಿ ಇಂಥದೇ ಇನ್ನೊಂದು ಅಲೆ ಎದ್ದಿತು. ಅದಕ್ಕೂ ಫೆನೊಟೆರಾಲ್ ಎಂಬ ಔಷಧಕ್ಕೂ ಇರುವ ನಂಟನ್ನು 1989ರಲ್ಲಿ ಅಲ್ಲಿನ ಸಂಶೋಧಕರು ತೋರಿಸಿದರು. ಹಾಗಾಗಿ ಪಂಪಿನ ಭಯಕ್ಕೆ ಒಂದು ನಿಜವಾದ ಚರಿತ್ರೆಯಿದೆ. ಅದು ಕಳ್ಳಕವಟಗಿಗೆ ಹೇಗೆ ಬಂತೋ, ತಾನಾಗಿ ಹುಟ್ಟಿತೋ, ಪುರಾವೆಯಿಲ್ಲದೆ ಹೇಳಲಾರೆ. ಆದರೆ ಅದನ್ನು ಮೂಢನಂಬಿಕೆಯ ಚೀಲಕ್ಕೆ ಹಾಕಿ ಕಟ್ಟುವುದು ಸರಿಯಲ್ಲ.

ಆ ಸಾವುಗಳಿಂದ ವೈದ್ಯಕೀಯ ಕಲಿತ ಪಾಠ ಇನ್ನೂ ಹಳ್ಳಿಗೆ ಮುಟ್ಟಿಲ್ಲ. ಅಸ್ತಮಾ ಎಂದರೆ ನಾಳ ಬಿಗಿಯುವುದಷ್ಟೇ ಅಲ್ಲ, ನಾಳದ ಒಳಗೋಡೆ ಸದಾ ಬಾತು ಕೆಂಪಾಗಿರುವುದು. ಬಿಗಿತ ಬಿಡಿಸುವ ಔಷಧ ಬೇರೆ, ಬಾವು ಇಳಿಸುವ ಔಷಧ ಬೇರೆ. ಬ್ರಿಟನ್ನಿನಲ್ಲಿ ಡೇವಿಡ್ ಜ್ಯಾಕ್‌ನ ತಂಡ ಎರಡನ್ನೂ ಕೊಟ್ಟಿತು. 1969ರಲ್ಲಿ ಬಂದ ಸಾಲ್ಬುಟಮಾಲ್ ಹೃದಯವನ್ನು ಅಷ್ಟಾಗಿ ಕೆಣಕದೆ ಉಸಿರು ಬಿಡಿಸಿತು. 1972ರಲ್ಲಿ ಬಂದದ್ದು ಬೆಕ್ಲೊಮೆಥಸೋನ್, ಎದೆಗೆ ಮಾತ್ರ ಹೋಗುವ ಸಣ್ಣ ಪ್ರಮಾಣದ ಸ್ಟಿರಾಯ್ಡ್. ಭಾರತದಲ್ಲಿ ಸಿಪ್ಲಾ ಇನ್‌ಹೇಲರ್ ತಯಾರಿಸತೊಡಗಿದ್ದೂ ಅದೇ ದಶಕದಲ್ಲಿ.

ಪಂಪು ಕೈಬಿಡುವ ಕಥೆ ಶುರುವಾಗುವುದು ಈ ಎರಡರ ಸ್ವಭಾವದಲ್ಲೇ. ಸಾಲ್ಬುಟಮಾಲ್ ಐದು ನಿಮಿಷದಲ್ಲಿ ತನ್ನ ಕೆಲಸ ತೋರಿಸುತ್ತದೆ. ಸ್ಟಿರಾಯ್ಡ್ ಪಂಪು ಎಳೆದರೆ ಆ ಹೊತ್ತಿಗೆ ಏನೂ ಆಗುವುದಿಲ್ಲ. ದಿನಾ ಎರಡು ಹೊತ್ತು ವಾರಗಟ್ಟಲೆ ಎಳೆದ ಮೇಲೆ ಆಗುವುದೂ ‘ಏನೂ ಆಗದಿರುವುದೇ’: ರಾತ್ರಿ ಎದ್ದು ಕೂಡುವುದು ನಿಲ್ಲುತ್ತದೆ. ಕಾಣದ ಗುಣಕ್ಕೆ ಕಾಣುವ ರೊಕ್ಕ ಯಾರು ಕೊಟ್ಟಾರು? ಆರಾಮಾಯಿತೆಂದು ಬಿಡುತ್ತಾರೆ, ಬಾವು ಮರಳುತ್ತದೆ, ಮತ್ತೆ ಬಿಗಿತ ಬಿಡಿಸುವ ಪಂಪೊಂದರ ಮೇಲೆಯೇ ಬದುಕು. ಕೆನಡಾದ ಸಸ್ಕಾಚುವನ್ ಪ್ರಾಂತದ ದಾಖಲೆಗಳನ್ನು ಆಧರಿಸಿ 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ವರ್ಷದಲ್ಲಿ ಹೆಚ್ಚುವರಿಯಾಗಿ ಬಳಸಿದ ಒಂದೊಂದು ಸ್ಟಿರಾಯ್ಡ್ ಇನ್‌ಹೇಲರಿಗೂ ಅಸ್ತಮಾದಿಂದ ಸಾಯುವ ಸಂಭವ ಶೇಕಡಾ 21ರಷ್ಟು ತಗ್ಗಿತ್ತು. ಬ್ರಿಟನ್ 2014ರಲ್ಲಿ ತನ್ನ ಅಸ್ತಮಾ ಸಾವುಗಳ ಲೆಕ್ಕ ತೆಗೆದಾಗ ಇದರ ಮತ್ತೊಂದು ಮುಖ ಕಂಡಿತು. ಎಷ್ಟು ಪಂಪು ಬರೆದುಕೊಟ್ಟಿದ್ದರೆಂಬ ದಾಖಲೆ ಸಿಕ್ಕ 165 ಜನರಲ್ಲಿ 65 ಮಂದಿ ಸಾವಿನ ಹಿಂದಿನ ವರ್ಷ 12ಕ್ಕೂ ಹೆಚ್ಚು ಬಿಗಿತ ಬಿಡಿಸುವ ಪಂಪು ಪಡೆದಿದ್ದರು. ಕೊನೆಗೆ 2019ರಲ್ಲಿ ಜಾಗತಿಕ ಅಸ್ತಮಾ ಮಾರ್ಗಸೂಚಿಯೂ ವಯಸ್ಕರಿಗೆ ಸಾಲ್ಬುಟಮಾಲ್ ಒಂದನ್ನೇ ಕೊಡುವುದು ಬೇಡವೆಂದಿತು. ಹೊಸ ಔಷಧ ಬಂದು 47 ವರ್ಷಗಳ ಮೇಲೆ!

ಔಷಧ ಬಿಡುವುದು ಓದು ಬಾರದವರ ರೋಗವೂ ಅಲ್ಲ. ದೀರ್ಘಕಾಲದ ಕಾಯಿಲೆಗಳಲ್ಲಿ ಶ್ರೀಮಂತ ದೇಶಗಳ ರೋಗಿಗಳೂ ಸರಾಸರಿ ಅರ್ಧದಷ್ಟೇ ಹೇಳಿದಂತೆ ಔಷಧ ತೆಗೆದುಕೊಳ್ಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು. ಇನ್ನು ತೆಗೆದುಕೊಳ್ಳುವ ಕ್ರಮ. ಅಲ್ಲಾಡಿಸಬೇಕು, ಉಸಿರು ಪೂರ್ತಿ ಹೊರಬಿಡಬೇಕು, ತುಟಿ ಬಿಗಿಯಬೇಕು, ಒಳಗೆ ನಿಧಾನ ಎಳೆಯುತ್ತಲೇ ಒತ್ತಬೇಕು, ಹತ್ತು ಎಣಿಸುವವರೆಗೆ ಹಿಡಿಯಬೇಕು, ಸ್ಟಿರಾಯ್ಡ್ ಆದರೆ ಬಾಯಿ ಮುಕ್ಕಳಿಸಬೇಕು. ಉಸಿರೇ ಸಿಗದವನಿಗೆ ಹೇಳುವ ಮಾತೇ ಇದು! 1975ರಿಂದ 2014ರವರೆಗಿನ 144 ಅಧ್ಯಯನಗಳನ್ನು, 54,000ಕ್ಕೂ ಹೆಚ್ಚು ಜನರನ್ನು ಒಟ್ಟುಗೂಡಿಸಿ ನೋಡಿದವರಿಗೆ ಸರಿಯಾಗಿ ಎಳೆಯುವವರು ಶೇಕಡಾ 31 ಮಾತ್ರ ಸಿಕ್ಕರು. ನಲವತ್ತು ವರ್ಷಗಳಲ್ಲಿ ಈ ಸ್ಥಿತಿ ಸುಧಾರಿಸಿಯೂ ಇರಲಿಲ್ಲ. ಅಡ್ಡದಾರಿಗಳು ಇಲ್ಲವೆಂದಲ್ಲ. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಪಂಪಿನ ಬಾಯಿಯಷ್ಟೇ ತೂತು ಮಾಡಿ ಸಿಕ್ಕಿಸಿ ಎಳೆದರೆ, ಅಂಗಡಿಯ ಸ್ಪೇಸರಿನಷ್ಟೇ ಕೆಲಸವಾಗುತ್ತದೆಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಮಕ್ಕಳ ವೈದ್ಯರು 1999ರಲ್ಲಿ ತೋರಿಸಿಕೊಟ್ಟರು. ನೀರಿನ ಖಾಲಿ ಬಾಟಲಿಗೆ ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ ಬರವಿಲ್ಲ.

ಊರಿನಲ್ಲಿ ನಾನು ಕೇಳಿದ ಕಾರಣಗಳು ಯಾವ ಪ್ರಶ್ನಾವಳಿಯಲ್ಲೂ ಪೂರ್ತಿ ಹಿಡಿಯುವಂಥವಲ್ಲ. ‘ಒಮ್ಮೆ ಹತ್ತಿತಂದ್ರ ಬಿಡಂಗಿಲ್ಲ’ ಎಂದು ಕೆಲವರು, ಪಂಪನ್ನು ತಂಬಾಕಿನ ಸಾಲಿಗೆ ಸೇರಿಸಿ. ದಮ್ಮು ಎಂಬ ಒಂದೇ ಪದ ಮಾಡುವ ಕೆಲಸವಿದು ಎಂದು ನನ್ನ ಊಹೆ. ‘ಅದು ಕಡೀ ಔಷಧ’ ಎಂದು ಇನ್ನು ಕೆಲವರು. ನಮ್ಮ ದೊಡ್ಡವ್ವ ಪಂಪನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಇಡುತ್ತಿದ್ದರು. ಮಗಳಿಗೆ ಗಂಡು ನೋಡುತ್ತಿದ್ದ ವರ್ಷ. ‘ತಾಯಿಗೆ ದಮ್ಮ ಐತಿ ಅಂದ್ರ ಮಗಳಿಗೂ ಬರತೈತಿ ಅಂತಾರವ್ವಾ’ ಎಂದಿದ್ದರು. ಗುಳಿಗೆ ನುಂಗಿದರೆ ನೆಗಡಿಗೆಂದು ಹೇಳಬಹುದು. ಪಂಪಿಗೆ ಅಂಥ ನೆಪವಿಲ್ಲ. ಎರಡು ಮೂರು ರೂಪಾಯಿಯ ಗುಳಿಗೆ ಮತ್ತು ಸಂಜೆಯ ಒಂದು ಸೂಜಿ ಪಂಪಿಗಿಂತ ಮರ್ಯಾದೆಯ ಔಷಧಗಳು. ಆ ಗುಳಿಗೆಯಲ್ಲೂ ಎಷ್ಟೋ ಸಲ ಸ್ಟಿರಾಯ್ಡೇ ಇರುತ್ತದೆ, ಪಂಪಿನಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಇಡೀ ಮೈಗೆ.

ಹಾಗಾದರೆ ನಮ್ಮ ಜನ ಔಷಧದ ಕಟ್ಟು ಪಾಲಿಸುವವರೇ ಅಲ್ಲವೇ? ಜೂನ್ ಮೊದಲ ವಾರ ದಾಟುತ್ತಿದ್ದಂತೆ, ಮೃಗಶಿರಾ ಮಳೆ ಕೂಡುವ ಹೊತ್ತಿಗೆ ಹೈದರಾಬಾದಿನ ನಾಂಪಲ್ಲಿ ಮೈದಾನಕ್ಕೆ ಹೋಗಿ ನೋಡಬೇಕು. ಬತಿನಿ ಗೌಡ್ ಕುಟುಂಬ ಸಣ್ಣ ಕೊರಮೀನಿನ ಬಾಯಲ್ಲಿ ಹಳದಿ ಲೇಹವಿಟ್ಟು ಜೀವಂತ ನುಂಗಿಸುತ್ತದೆ. 1845ರಿಂದ ಮಾಡಿಕೊಂಡು ಬಂದಿದ್ದೇವೆ ಎನ್ನುವುದು ಅವರ ಮಾತು. ಮೀನು ತಿನ್ನದವರಿಗೆ ಬೆಲ್ಲದಲ್ಲಿ. ಅದರಿಂದ ಅಸ್ತಮಾ ವಾಸಿಯಾಗುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ವಿವಾದಗಳ ನಂತರ ಅದಕ್ಕೆ ಔಷಧವೆನ್ನದೆ ಪ್ರಸಾದವೆನ್ನುತ್ತಾರೆ. ಕೊಪ್ಪಳದ ಕಡೆಯ ಹಳ್ಳಿಯೊಂದರಲ್ಲೂ ಅದೇ ಮಳೆ ಕೂಡುವ ಗಳಿಗೆಗೆ ದಮ್ಮಿನ ಔಷಧ ಕೊಡುವ ವಾಡಿಕೆಯಿದೆ. ವಿಜಯಪುರ, ಕಲಬುರಗಿಯಿಂದ ಜನ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ, ರಾತ್ರಿಯಿಡೀ ಸಾಲಿನಲ್ಲಿ ನಿಲ್ಲುತ್ತಾರೆ. ಮೀನು ನುಂಗಿ ಬಂದವರು 45 ದಿನ ಪಥ್ಯ ಮಾಡುತ್ತಾರೆ. ಮೂರು ವರ್ಷ ಬಿಡದೆ ಹೋಗುವವರಿದ್ದಾರೆ.

ಇದಕ್ಕಿಂತ ಕಟ್ಟುನಿಟ್ಟಾದ ಪಾಲನೆ ಯಾವ ಆಸ್ಪತ್ರೆಗೆ ಸಿಕ್ಕೀತು? ಅಲ್ಲಿ ಒಂದು ತಿಥಿ ಇದೆ, ಜೊತೆಗೆ ಬರುವ ಮಂದಿ ಇದ್ದಾರೆ, ಮರಳಿದ ಮೇಲೆ ‘ಪಥ್ಯಾ ಮಾಡಾಕತ್ತೀಯೇನವ್ವಾ?’ ಎಂದು ಕೇಳುವ ಓಣಿ ಇದೆ. ಮುಚ್ಚಿಡುವ ಮಾತೇ ಇಲ್ಲ. ಮುಂಜಾನೆ, ರಾತ್ರಿ ಒಬ್ಬರೇ ಗೋಡೆಗೆ ಮುಖ ಮಾಡಿ ಎಳೆಯುವ ಪಂಪಿಗೆ ಇದಾವುದೂ ಇಲ್ಲ. ಕ್ಷಯರೋಗಕ್ಕೆ 1997ರಿಂದ ಸರ್ಕಾರ ತನ್ನ ಕಾರ್ಯಕ್ರಮದಲ್ಲಿ ಕಣ್ಣೆದುರೇ ಗುಳಿಗೆ ನುಂಗಿಸುವ ಏರ್ಪಾಡು ತಂದಿತು, ಏಕೆಂದರೆ ಅದು ಅಂಟುತ್ತದೆ. ಅಂಟದ ರೋಗದವರ ನೆನಪು ಅವರವರಿಗೇ ಬಿಟ್ಟದ್ದು. ಚರಕನ ನಾಲ್ಕು ಪಾದಗಳಲ್ಲಿ ಉಪಚಾರಕನ ಪಾದ ಇಲ್ಲಿ ಇಲ್ಲವೇ ಇಲ್ಲ.

ಕಳ್ಳಕವಟಗಿಯ ಸುತ್ತಮುತ್ತ ಈಚೆಗೆ ದಮ್ಮಿಗೆ ಇನ್ನೊಂದು ಋತು ಸೇರಿಕೊಂಡಿದೆ. ತಿಕೋಟಾ, ಬಬಲೇಶ್ವರ ಸೀಮೆ ದ್ರಾಕ್ಷಿಯ ನಾಡು. ಹಣ್ಣನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರವಿ ಒಣಗಿಸಿ ಮಣೂಕ ಮಾಡುತ್ತಾರೆ. ಬಂಗಾರದ ಬಣ್ಣ ಬರಲು ಗಂಧಕದ ಹೊಗೆ ಕೊಡುತ್ತಾರೆ. ಆರೋಗ್ಯವಂತರಿಗೆ ಗೊತ್ತೇ ಆಗದಷ್ಟು ಸಣ್ಣ ಪ್ರಮಾಣದ ಗಂಧಕದ ಹೊಗೆಯೂ ಅಸ್ತಮಾ ಇದ್ದವರ ಶ್ವಾಸನಾಳವನ್ನು ನಿಮಿಷಗಳಲ್ಲಿ ಬಿಗಿಯುತ್ತದೆ, ಅದರಲ್ಲೂ ಮೈ ಬಗ್ಗಿಸಿ ದುಡಿಯುತ್ತಿರುವಾಗ. ರಾಶಿಯ ಹೊಟ್ಟು, ಎರೆಮಣ್ಣಿನ ಧೂಳು, ಕಾಂಗ್ರೆಸ್ ಕಸದ ಪರಾಗ, ಒಲೆಯ ಹೊಗೆ ಮೊದಲೇ ಇದ್ದವು. ಈಗ ಬೇಸಿಗೆಯ ಮೊದಲ ತಿಂಗಳುಗಳಲ್ಲಿ ಇದೂ. ಹಸನು ಮಾಡಿ ಆರಿಸುವ ಕೆಲಸಕ್ಕೆ ಹೋಗುವವರು ಹೆಚ್ಚಾಗಿ ಹೆಂಗಸರು.

ಶೆಡ್ಡಿನ ಕೆಲಸಕ್ಕೆ ಹೋಗುವ ಒಬ್ಬ ಅಕ್ಕನನ್ನು ಪಂಪು ಜೊತೆಗೆ ಒಯ್ಯುತ್ತೀರಾ ಎಂದು ಕೇಳಿದೆ. ‘ಒಯ್ದ್ರ ನಾಳಿಂದ ಬರಬ್ಯಾಡ ಅಂತಾರ್ರಿ, ಜಡ್ಡಿನಾಕಿ ಅಂತ ಪಗಾರ ಹೋಗ್ತೈತಿ’ ಎಂದರು. ಮನೆಯಲ್ಲೇ, ಕೆಲಸಕ್ಕೆ ಹೊರಡುವ ಮುಂಚೆ ಎಳೆದು ಹೋಗಬಹುದಾದ, ಯಾವ ಮಾಲಕರ ಕಣ್ಣಿಗೂ ಬೀಳದ ಪಂಪು ಅವರ ಹತ್ತಿರ ಇತ್ತು. ಒಳಗಿಂದ ಕ್ಯಾರಿಬ್ಯಾಗು ತಂದು ತೋರಿಸಿದರು. ಎರಡು ಪಂಪು, ಒಂದು ಹೆಚ್ಚುಕಡಿಮೆ ಖಾಲಿ, ಇನ್ನೊಂದರ ಮುಚ್ಚಳ ತೆಗೆದಂತಿರಲಿಲ್ಲ. ಎರಡನೆಯದು ಯಾತಕ್ಕೆ ಎಂದೆ. ‘ಅದನ್ನ ತಗೊಂಡ್ರ ಏನೂ ಆಗಂಗಿಲ್ರಿ’ ಎಂದು ಚೀಲಕ್ಕೆ ಮರಳಿ ಹಾಕಿದರು.